ಹಾಕದೇ ಬಿಟ್ಟ ಸಹಿ: ಇರಾನ್ ಅಣು ಒಪ್ಪಂದದಿಂದ ಅಮೆರಿಕ ಹೊರಬಂದ ಬಗೆ

2018ರ ಮೇ 8ರಂದು ಡೊನಾಲ್ಡ್ ಟ್ರಂಪ್ ಶ್ವೇತಭವನದಲ್ಲಿ ಕ್ಯಾಮೆರಾಗಳ ಮುಂದೆ ಒಂದು ಆದೇಶಪತ್ರಕ್ಕೆ ಸಹಿ ಹಾಕಿ ಎತ್ತಿ ತೋರಿಸಿದರು. ಇರಾನ್ ತನ್ನ ಅಣು ಕಾರ್ಯಕ್ರಮಕ್ಕೆ ಮಿತಿ ಹಾಕಿಕೊಂಡರೆ ಅದರ ಮೇಲಿನ ಆರ್ಥಿಕ ನಿರ್ಬಂಧ ಸಡಿಲಿಸುವ 2015ರ ಅಣು ಒಪ್ಪಂದ ಅಮೆರಿಕದ ಮಟ್ಟಿಗೆ ಮುಗಿಯಿತೆಂದು ಜಗತ್ತಿಗೆ ಗೊತ್ತಾದದ್ದು ಆಗ. ಆದರೆ ಕಾನೂನಿನ ಲೆಕ್ಕದಲ್ಲಿ ಒಪ್ಪಂದದ ಉಸಿರು ನಿಂತದ್ದು ಇನ್ನೊಂದು ಸಹಿಯಿಂದ. ಅದು ಮೇ 12ರೊಳಗೆ ಹಾಕಬೇಕಿದ್ದ, ಅವರು ಹಾಕದೇ ಬಿಟ್ಟ ಸಹಿ.

ಇರಾನ್ ಮೇಲಿನ ಅಮೆರಿಕದ ನಿರ್ಬಂಧಗಳಲ್ಲಿ ಬಹುಪಾಲು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಮಾಡಿದ ಕಾನೂನುಗಳು. ಅಧ್ಯಕ್ಷರಿಗೆ ಅವನ್ನು ರದ್ದು ಮಾಡುವ ಅಧಿಕಾರವಿಲ್ಲ. 'ರಾಷ್ಟ್ರೀಯ ಭದ್ರತೆಯ ಹಿತದೃಷ್ಟಿಯಿಂದ ಸದ್ಯಕ್ಕೆ ಜಾರಿ ಮಾಡುವುದಿಲ್ಲ' ಎಂದು ಬರೆದುಕೊಟ್ಟು ತಡೆಹಿಡಿಯಬಹುದು, ಅಷ್ಟೆ. ಈ ವಿನಾಯಿತಿಗೂ ಅವಧಿಯಿದೆ. ಇರಾನಿನ ಕೇಂದ್ರ ಬ್ಯಾಂಕಿನ ಮೂಲಕ ತೈಲದ ಹಣ ಸಾಗುವುದನ್ನು ತಡೆಯುವ ಕಾನೂನಿಗೆ 120 ದಿನ, ಬೇರೆ ಕೆಲವಕ್ಕೆ 180 ದಿನ. ಒಬಾಮ 2015ರಲ್ಲಿ ಇರಾನಿಗೆ ಕೊಟ್ಟ ದೊಡ್ಡ ಭರವಸೆ ನಿಂತಿದ್ದುದೇ ಈ ವಿನಾಯಿತಿಗಳ ಮೇಲೆ. ನಮ್ಮಲ್ಲಿ 11 ತಿಂಗಳಿಗೊಮ್ಮೆ ಬಾಡಿಗೆ ಕರಾರು ಹೊಸದಾಗಿ ಬರೆಸುತ್ತೇವಲ್ಲ, ಹಾಗೆ ಪ್ರತಿ ನಾಲ್ಕು ತಿಂಗಳಿಗೊಮ್ಮೆ ಅಮೆರಿಕದ ಅಧ್ಯಕ್ಷರು ಕೂತು ಸಹಿ ಮಾಡಬೇಕಿತ್ತು. ಕಾನೂನುಗಳನ್ನೇ ಕಿತ್ತುಹಾಕಲು ಕಾಂಗ್ರೆಸ್ಸನ್ನು ಕೇಳಿಕೊಳ್ಳುವುದು 2023ರ ಅಕ್ಟೋಬರಿನ ಬಾಬತ್ತು ಎಂದು ಒಪ್ಪಂದದಲ್ಲಿ ಬರೆದಿತ್ತು. ಆ ದಿನ ಬಂತು, ಆದರೆ ಅಷ್ಟರಲ್ಲಿ ಅಮೆರಿಕ ಹೊರನಡೆದು ಐದು ವರ್ಷ ದಾಟಿತ್ತು.

ಹೊರಬರಬೇಕೇ ಬೇಡವೇ ಎಂಬ ಜಗಳದಲ್ಲಿ ಎರಡೂ ಕಡೆಯವರು ಇರಾನಿನ ಉದ್ದೇಶದ ಬಗ್ಗೆ ಬಹಳ ಮಾತಾಡಿದರು. ಒಪ್ಪಂದವನ್ನು ಕಟ್ಟಿದ ರೀತಿಯಲ್ಲೇ ಅದು ಸುಲಭವಾಗಿ ಬಿಚ್ಚಿಕೊಳ್ಳುವ ಗುಣವಿತ್ತು ಎಂಬುದು ಚರ್ಚೆಯಲ್ಲಿ ಹಿಂದೆ ಉಳಿಯಿತು. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಅದನ್ನೇ.

ಟ್ರೀಟಿ ಏಕೆ ಆಗಲಿಲ್ಲ

2015ರ ಜುಲೈ 14ರಂದು ವಿಯೆನ್ನಾದಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ, ರಷ್ಯಾ, ಚೀನಾ, ಐರೋಪ್ಯ ಒಕ್ಕೂಟ ಮತ್ತು ಇರಾನ್ ಒಪ್ಪಿಕೊಂಡ ದಾಖಲೆಯ ಹೆಸರು 'ಜಂಟಿ ಸಮಗ್ರ ಕ್ರಿಯಾ ಯೋಜನೆ'. ಹೆಸರಿನಲ್ಲೇ ಒಪ್ಪಂದ ಎಂಬ ಪದವಿಲ್ಲ. ಅಮೆರಿಕದ ಸಂವಿಧಾನದ ಪ್ರಕಾರ ಟ್ರೀಟಿ, ಅಂದರೆ ಕಾನೂನಿನ ಬಲವುಳ್ಳ ಅಂತಾರಾಷ್ಟ್ರೀಯ ಒಪ್ಪಂದ, ಎನಿಸಿಕೊಳ್ಳಬೇಕಾದರೆ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು, ಅಂದರೆ ನೂರೂ ಜನ ಹಾಜರಿದ್ದರೆ 67 ಮತ ಬೇಕು. ಆಗ 54 ಸ್ಥಾನ ರಿಪಬ್ಲಿಕನ್ ಪಕ್ಷದ ಕೈಯಲ್ಲಿದ್ದವು. 67 ಕನಸಿನಲ್ಲೂ ಸಿಗುವ ಸಂಖ್ಯೆಯಲ್ಲ.

ಹಾಗಾಗಿ ಬೇರೆ ದಾರಿ ಹುಡುಕಿದರು. ಆ ವರ್ಷದ ಮೇ ತಿಂಗಳಲ್ಲಿ ಸೆನೆಟ್ 98-1 ಮತಗಳಿಂದ ಒಂದು ಪರಿಶೀಲನಾ ಮಸೂದೆಯನ್ನು ಅಂಗೀಕರಿಸಿತು, ಅದೇ ಕಾನೂನಾಯಿತು. ಒಪ್ಪಂದವನ್ನು ಕಾಂಗ್ರೆಸ್ ಮುಂದಿಡಬೇಕು, ನಿಗದಿತ ದಿನಗಳೊಳಗೆ ಅದು ಬೇಡವೆನ್ನಬಹುದು, ಬೇಡವೆಂದರೆ ಅಧ್ಯಕ್ಷರು ವೀಟೊ ಮಾಡಬಹುದು ಎಂಬ ವ್ಯವಸ್ಥೆ. ಇದರಿಂದ ಲೆಕ್ಕ ತಲೆಕೆಳಗಾಯಿತು. ಒಪ್ಪಂದದ ಪರ 67 ಜನರನ್ನು ಕೂಡಿಸುವ ಹೊಣೆ ಒಬಾಮ ಅವರಿಂದ ಜಾರಿ, ವೀಟೊ ಮೀರಲು 67 ಜನರನ್ನು ಕೂಡಿಸುವ ಹೊಣೆ ವಿರೋಧಿಗಳ ತಲೆಗೆ ಬಂತು. ಸೆಪ್ಟೆಂಬರಿನಲ್ಲಿ ಒಪ್ಪಂದ ಬೇಡವೆನ್ನುವ ನಿರ್ಣಯ ವೀಟೊ ತನಕವೂ ಹೋಗಲಿಲ್ಲ. ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಮತ ಬೇಕಿತ್ತು, ಸಿಕ್ಕಿದ್ದು 58. ವಿರೋಧಿಸಿದವರಲ್ಲಿ ಚಕ್ ಶೂಮರ್, ಬೆನ್ ಕಾರ್ಡಿನ್ ಸೇರಿ ಒಬಾಮ ಅವರದೇ ಪಕ್ಷದ ನಾಲ್ವರಿದ್ದರು. ಉಳಿದ 42 ಜನರ ಬಲದ ಮೇಲೆ ಒಪ್ಪಂದ ಉಳಿಯಿತು.

ಗೆಲುವು ಗೆಲುವೇ. ಆದರೆ 42 ಮತದ ಮೇಲೆ ನಿಂತದ್ದಕ್ಕೆ 67 ಮತದ ಗಟ್ಟಿತನ ಬರುವುದಿಲ್ಲ. ಇದನ್ನು ಮೊದಲೇ ಬಾಯಿಬಿಟ್ಟು ಹೇಳಿದವರೂ ಇದ್ದರು. 2015ರ ಮಾರ್ಚಿನಲ್ಲಿ ರಿಪಬ್ಲಿಕನ್ ಪಕ್ಷದ ಟಾಮ್ ಕಾಟನ್ ನೇತೃತ್ವದಲ್ಲಿ 47 ಸೆನೆಟರ್‌ಗಳು ಇರಾನಿನ ನಾಯಕರಿಗೇ ಬಹಿರಂಗ ಪತ್ರ ಬರೆದು, ಮುಂದಿನ ಅಧ್ಯಕ್ಷರು ಇದನ್ನು ಒಂದೇ ಸಹಿಯಲ್ಲಿ ತೆಗೆದುಹಾಕಬಹುದು ಎಂದು ಎಚ್ಚರಿಸಿದರು. ಮಾತುಕತೆ ನಡೆಯುತ್ತಿರುವಾಗ ಎದುರಾಳಿ ದೇಶಕ್ಕೆ ಹೀಗೆ ಪತ್ರ ಬರೆದದ್ದು ಸರಿಯೇ ಎಂಬ ಪ್ರಶ್ನೆ ಬೇರೆ. ಪತ್ರದಲ್ಲಿದ್ದ ಕಾನೂನಿನ ಅಂಶ ಮಾತ್ರ ತಪ್ಪಿರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯೇ ಕಾಂಗ್ರೆಸ್ ಸದಸ್ಯರೊಬ್ಬರ ಪ್ರಶ್ನೆಗೆ ಉತ್ತರಿಸುತ್ತ, ಇದು ಟ್ರೀಟಿಯೂ ಅಲ್ಲ, ಸಹಿ ಹಾಕಿದ ದಾಖಲೆಯೂ ಅಲ್ಲ, ರಾಜಕೀಯ ಬದ್ಧತೆ ಮಾತ್ರ ಎಂದು ಬರೆದುಕೊಟ್ಟಿತು. ಆ ಪ್ರಶ್ನೆ ಕೇಳಿದ್ದವರು ಮೈಕ್ ಪಾಂಪಿಯೊ. 2018ರ ಮೇ 8ರಂದು ಆ ಇಲಾಖೆಯ ಕುರ್ಚಿಯಲ್ಲಿ ಕೂತಿದ್ದವರೂ ಅವರೇ.

3.67 ಎಂಬ ಸಂಖ್ಯೆ

ಒಪ್ಪಂದದಲ್ಲಿ ಏನಿತ್ತು ಎಂಬುದಕ್ಕೆ ಈ ಒಂದು ಸಂಖ್ಯೆಯಿಂದ ಹೊರಡುವುದು ಒಳ್ಳೆಯದು. ಗಣಿಯಿಂದ ಬಂದ ಯುರೇನಿಯಂನ 1000 ಪರಮಾಣು ತೆಗೆದುಕೊಂಡರೆ, ವಿದಳನಕ್ಕೆ ಒದಗುವ ಯುರೇನಿಯಂ-235 ಅದರಲ್ಲಿ ಸುಮಾರು 7. ಮಿಕ್ಕದ್ದೆಲ್ಲ ಹೆಚ್ಚುಕಮ್ಮಿ ಯುರೇನಿಯಂ-238. ಸೆಂಟ್ರಿಫ್ಯೂಜ್ ಎಂಬ ವೇಗವಾಗಿ ತಿರುಗುವ ಕೊಳವೆಗಳಲ್ಲಿ ಅನಿಲರೂಪದ ಯುರೇನಿಯಂ ಹಾಯಿಸಿ ಬೇಡದ 238ನ್ನು ಬೇರ್ಪಡಿಸುವುದೇ ಪುಷ್ಟೀಕರಣ. 1000ದಲ್ಲಿ 809ನ್ನು ತೆಗೆದರೆ 191 ಉಳಿಯುತ್ತವೆ, ಅದರಲ್ಲಿ 7 ಎಂದರೆ ಶೇ 3.67. ವಿದ್ಯುತ್ ಸ್ಥಾವರದ ಇಂಧನಕ್ಕೆ ಅಷ್ಟು ಸಾಕು. ಇನ್ನೂ 156 ತೆಗೆದರೆ 35ರಲ್ಲಿ 7, ಅಂದರೆ ಶೇ 20. ಮತ್ತೆ 23 ತೆಗೆದರೆ 12ರಲ್ಲಿ 7, ಹತ್ತಿರಹತ್ತಿರ ಶೇ 60. ಅಲ್ಲಿಂದ ಬಾಂಬಿಗೆ ಬೇಕಾದ ಶೇ 90 ಮುಟ್ಟಲು ತೆಗೆಯಬೇಕಾದದ್ದು ಇನ್ನು ನಾಲ್ಕೇ ನಾಲ್ಕು.

ನಿಜವಾದ ಸ್ಥಾವರದಲ್ಲಿ ಒಂದಿಷ್ಟು 235 ಕೂಡ ಸೋರಿಹೋಗುತ್ತದೆ, ಲೆಕ್ಕ ಇಷ್ಟು ನುಣುಪಾಗಿರುವುದಿಲ್ಲ. ಆದರೂ ಮರ್ಮ ಇದೇ: ಶ್ರಮದ ದೊಡ್ಡ ಪಾಲು ಆರಂಭದಲ್ಲೇ ಮುಗಿದುಹೋಗುತ್ತದೆ. ಶೇ 60 ಎಂದರೆ ಶೇ 90ರ ದಾರಿಯಲ್ಲಿ ಮೂರನೇ ಎರಡರಷ್ಟು ಮಾತ್ರ ಸಾಗಿದಂತೆ ಎಂದು ಓದುವವರು ಮೋಸಹೋಗುತ್ತಾರೆ. ಅದು ಬಾಗಿಲ ಹೊಸ್ತಿಲಲ್ಲೇ ಇದೆ.

ಹಾಗಾಗಿ ಒಪ್ಪಂದ ಹಿಡಿದದ್ದು ಆರಂಭದ ಹಂತವನ್ನೇ. 15 ವರ್ಷ ಶೇ 3.67ಕ್ಕಿಂತ ಮೇಲೆ ಹೋಗಬಾರದು. ದಾಸ್ತಾನು 300 ಕೆ.ಜಿ. ಮೀರಬಾರದು. (ಇದು ಯುರೇನಿಯಂ ಹೆಕ್ಸಾಫ್ಲೋರೈಡ್ ಅನಿಲದ ತೂಕ. ಬರೀ ಯುರೇನಿಯಂ ತೂಗಿದರೆ 202.8 ಕೆ.ಜಿ. ಪತ್ರಿಕೆಗಳಲ್ಲಿ ಎರಡೂ ಸಂಖ್ಯೆ ಕಲಸಿಹೋಗಿ ಗೊಂದಲವಾದದ್ದುಂಟು.) ಸುಮಾರು 19,000 ಸೆಂಟ್ರಿಫ್ಯೂಜ್‌ಗಳು 6,104ಕ್ಕೆ ಇಳಿಯಬೇಕು, ಅದರಲ್ಲಿ ಪುಷ್ಟೀಕರಣಕ್ಕೆ ನತಾಂಜ್‌ನ 5,060 ಮಾತ್ರ. ಬೆಟ್ಟದೊಳಗಿನ ಫೋರ್ಡೊದಲ್ಲಿ ಯುರೇನಿಯಂ ಮುಟ್ಟುವಂತಿಲ್ಲ. ಬಾಂಬಿಗೆ ಒದಗುವ ಪ್ಲುಟೋನಿಯಂ ತಯಾರಿಸಬಲ್ಲ ಅರಾಕ್ ಭಾರಜಲ ರಿಯಾಕ್ಟರಿನ ಒಡಲನ್ನು ಕಿತ್ತು ಕಾಂಕ್ರೀಟ್ ತುಂಬಬೇಕು. ಇವೆಲ್ಲ ಆದವು, 2015ರ ಡಿಸೆಂಬರಿನಲ್ಲಿ 11 ಟನ್‌ಗಿಂತ ಹೆಚ್ಚು ಪುಷ್ಟೀಕೃತ ಸಾಮಗ್ರಿ ಹಡಗೇರಿ ರಷ್ಯಾಕ್ಕೆ ಹೋಯಿತು. ಒಂದು ಬಾಂಬಿಗೆ ಸಾಕಾಗುವಷ್ಟು ಯುರೇನಿಯಂ ತಯಾರಿಸಲು ಎರಡು ಮೂರು ತಿಂಗಳು ಸಾಕಿದ್ದದ್ದು ಸುಮಾರು ಒಂದು ವರ್ಷಕ್ಕೆ ಏರಿತು ಎಂಬುದು ಒಬಾಮ ಸರ್ಕಾರದ ಅಂದಾಜು.

ಯಾರು ಏನೆಂದರು

ವಿರೋಧಿಗಳ ಅತಿ ಗಟ್ಟಿ ವಾದ ಗಡುವಿನದು. ಸೆಂಟ್ರಿಫ್ಯೂಜ್ ಮಿತಿ 10 ವರ್ಷಕ್ಕೆ, ದಾಸ್ತಾನಿನ ಮಿತಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಇರಾನ್ ನಿಯಮ ಮುರಿಯದೆಯೇ ಬಾಂಬಿನ ಹತ್ತಿರ ಬರಬಹುದಲ್ಲ? ಈ ಪ್ರಶ್ನೆಗೆ ಬೆಂಬಲಿಗರಲ್ಲಿ ಪೂರ್ತಿ ಸಮಾಧಾನದ ಉತ್ತರ ಇರಲಿಲ್ಲ. ಕೆಲವು ಕಟ್ಟಳೆಗಳಿಗೆ ಇನ್ನೂ ದೀರ್ಘ ಅವಧಿಯಿದೆ, ಯುರೇನಿಯಂ ಅದಿರಿನ ಕಾರ್ಖಾನೆಗಳ ಮೇಲೆ 25 ವರ್ಷ ನಿಗಾ ಇರುತ್ತದೆ, ಅಣ್ವಸ್ತ್ರ ಮಾಡುವುದಿಲ್ಲವೆಂಬ ಮಾತಿಗೆ ಗಡುವೇ ಇಲ್ಲ ಎಂದರು. ಅವರ ಪ್ರತಿವಾದ ಇನ್ನೊಂದು: 2030ರಲ್ಲಿ ಮುಗಿಯುತ್ತದೆಂದು 2018ರಲ್ಲೇ ಮುಗಿಸಿಬಿಡುವುದು ಯಾವ ಜಾಣತನ?

ತಪಾಸಣೆಯ ಬಗೆಗಿನ ಆಕ್ಷೇಪ ಅರ್ಧ ಸರಿ. ಘೋಷಿತ ಸ್ಥಾವರಗಳಲ್ಲಿ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಕ್ಯಾಮೆರಾ, ಸೀಲು, ಆಳುಗಳು ಸದಾ ಇದ್ದರು. ಅಘೋಷಿತ ಜಾಗಕ್ಕೆ ಇರಾನ್ ಒಳಗೆ ಬಿಡದಿದ್ದರೆ ತಕರಾರು ಬಗೆಹರಿಯಲು 24 ದಿನ ಹಿಡಿಯಬಹುದಿತ್ತು. ಯುರೇನಿಯಂ ಬಳಸಿದ ಜಾಗವನ್ನು ಎಷ್ಟು ತೊಳೆದರೂ ಕುರುಹು ಉಳಿಯುತ್ತದೆ, ಆದ್ದರಿಂದ ಆ ಮಟ್ಟಿಗೆ 24 ದಿನ ಭಯಪಡುವಷ್ಟಲ್ಲ. ಸ್ಫೋಟಕಗಳ ಪರೀಕ್ಷೆ, ಕಂಪ್ಯೂಟರ್ ಲೆಕ್ಕಾಚಾರದಂಥ ಕೆಲಸ ಮುಚ್ಚಿಡಲು ಮಾತ್ರ ಅದು ಧಾರಾಳ ಸಮಯ.

ದುಡ್ಡಿನ ವಾದ ಅತ್ಯಂತ ಜನಪ್ರಿಯ, ಅತ್ಯಂತ ದುರ್ಬಲ. ಇರಾನಿಗೆ 150 ಬಿಲಿಯನ್ ಡಾಲರ್ ಕೊಟ್ಟರು ಎಂದು ಟ್ರಂಪ್ ಮತ್ತೆಮತ್ತೆ ಹೇಳಿದರು. ಅದು ಬೇರೆಬೇರೆ ದೇಶಗಳಲ್ಲಿ ಸಿಕ್ಕಿಬಿದ್ದಿದ್ದ ಇರಾನಿನದೇ ಹಣ; ಸಾಲಸೋಲ ಕಳೆದು ಕೈಗೆ ಸಿಗುವುದು 50 ಬಿಲಿಯನ್‌ಗಿಂತ ತುಸು ಹೆಚ್ಚು ಎಂದು ಆಗಿನ ಖಜಾನೆ ಕಾರ್ಯದರ್ಶಿ ಜ್ಯಾಕ್ ಲೂ ಹೇಳಿದ್ದರು. ವಿಮಾನದಲ್ಲಿ ನೋಟಿನ ಕಂತೆ ಕಳಿಸಿದರು ಎಂಬುದು ನಿಜ. ದೊರೆ ಶಾ ಕಾಲದಲ್ಲಿ ಶಸ್ತ್ರಾಸ್ತ್ರಕ್ಕೆಂದು ಇರಾನ್ ಅಮೆರಿಕಕ್ಕೆ ಕಟ್ಟಿದ್ದ, 1979ರ ಕ್ರಾಂತಿಯ ನಂತರ ಮಾಲೂ ಬಾರದ ಹಣವೂ ಮರಳದ 400 ಮಿಲಿಯನ್ ಡಾಲರ್, ಅದರ ಮೇಲೆ 1.3 ಬಿಲಿಯನ್ ಬಡ್ಡಿ. ಹೇಗ್‌ನ ನ್ಯಾಯಮಂಡಳಿಯಲ್ಲಿದ್ದ ಹಳೆಯ ವ್ಯಾಜ್ಯದ ರಾಜಿ ಅದು. ಆದರೆ ಮೊದಲ ಕಂತು ತಲುಪಿದ್ದು ಅಮೆರಿಕದ ಕೈದಿಗಳು ಬಿಡುಗಡೆಯಾದ ದಿನವೇ. ಆ ಒಂದೇ ದಿನದ ಸಂಗತಿಯನ್ನು ಯಾವ ವಿರೋಧ ಪಕ್ಷವೂ ಬಿಡುತ್ತಿರಲಿಲ್ಲ.

ಇರಾನಿನ ಕ್ಷಿಪಣಿಗಳು, ಲೆಬನಾನಿನ ಹಿಜ್ಬುಲ್ಲಾ ಪಡೆಗೂ ಯೆಮೆನ್ ಬಂಡುಕೋರರಿಗೂ ಅದರ ಬೆಂಬಲ, ಇವು ಒಪ್ಪಂದದಲ್ಲಿ ಇರಲಿಲ್ಲ ಎಂಬ ದೂರು ಸತ್ಯ. ಅವನ್ನು ಸೇರಿಸಲು ಹೊರಟಿದ್ದರೆ ಒಪ್ಪಂದವೇ ಆಗುತ್ತಿರಲಿಲ್ಲ ಎಂಬ ಉತ್ತರವೂ ಅಷ್ಟೇ ಸತ್ಯ.

2018ರ ಹೊತ್ತಿಗೆ ಮೂರನೆಯ ಗುಂಪೊಂದು ಹುಟ್ಟಿಕೊಂಡಿತ್ತು. ಒಪ್ಪಂದ ಮಾಡಿದ್ದೇ ತಪ್ಪು, ಆದರೆ ಮಾಡಿದ ಮೇಲೆ ಬಿಡುವುದು ಇನ್ನೂ ದೊಡ್ಡ ತಪ್ಪು ಎನ್ನುವವರು. 2015ರಲ್ಲಿ ವಿರುದ್ಧ ನಿಂತಿದ್ದ ಕಾರ್ಡಿನ್, ರಿಪಬ್ಲಿಕನ್ ಪಕ್ಷದ ಎಡ್ ರಾಯ್ಸ್ ಇದೇ ಮಾತು ಹೇಳಿದರು. ಅವರ ತರ್ಕ ಸರಳ: ಇರಾನ್ ತನಗೆ ಸಿಗಬೇಕಾದ ಹಣವನ್ನು ಆಗಲೇ ಪಡೆದಾಗಿದೆ, ಅದು ಪಾಲಿಸಬೇಕಾದ ಮಿತಿಗಳೇ ಇನ್ನು ಬಾಕಿ, ಈಗ ಬಿಟ್ಟರೆ ಲಾಭ ಯಾರಿಗೆ? ರಕ್ಷಣಾ ಕಾರ್ಯದರ್ಶಿ ಜಿಮ್ ಮ್ಯಾಟಿಸ್ ಕೂಡ 2017ರ ಅಕ್ಟೋಬರಿನಲ್ಲಿ ಸೆನೆಟ್ ಸಮಿತಿಯೆದುರು ಒಳಗಿರುವುದೇ ದೇಶಕ್ಕೆ ಹಿತ ಎಂದಿದ್ದರು. ಇರಾನ್ ಮಿತಿ ಪಾಲಿಸುತ್ತಿದೆ ಎಂದು ಅಣುಶಕ್ತಿ ಸಂಸ್ಥೆ ವರದಿ ಮೇಲೆ ವರದಿ ಕೊಡುತ್ತಿತ್ತು. ಭಾರಜಲದ 130 ಟನ್ ಮಿತಿಯನ್ನು 2016ರಲ್ಲಿ ಎರಡು ಬಾರಿ ತುಸು ದಾಟಿದ್ದು ಬಿಟ್ಟರೆ ಬೆರಳು ತೋರಿಸಲು ಹೆಚ್ಚೇನೂ ಇರಲಿಲ್ಲ.

ಇಲ್ಲಿ ದೃಢೀಕರಣ, ವಿನಾಯಿತಿ ಎಂಬ ಎರಡು ಸ್ವಿಚ್ಚುಗಳನ್ನು ಒಂದೇ ಎಂದು ತಿಳಿಯುವವರು ಬಹಳ. 2017ರ ಅಕ್ಟೋಬರ್ 13ರಂದು ಟ್ರಂಪ್ ಮಾಡಿದ್ದು ನಿರ್ಗಮನವಲ್ಲ. ಪರಿಶೀಲನಾ ಕಾನೂನಿನಂತೆ 90 ದಿನಕ್ಕೊಮ್ಮೆ ಕಾಂಗ್ರೆಸ್ಸಿಗೆ ಕೊಡಬೇಕಾದ ದೃಢೀಕರಣವನ್ನು ನಿಲ್ಲಿಸಿದರು, ಅಷ್ಟೆ. ಅದರಿಂದ ಕಾಂಗ್ರೆಸ್ಸಿಗೆ 60 ದಿನಗಳ ಒಂದು ಅವಕಾಶ ತೆರೆಯಿತು. ಆ ಅವಧಿಯಲ್ಲಿ ಸರಳ ಬಹುಮತದಿಂದಲೇ ನಿರ್ಬಂಧ ಮರಳಿ ತರಬಹುದಿತ್ತು. ಒಪ್ಪಂದವನ್ನು ಎರಡು ವರ್ಷ ಬೈದಿದ್ದ ಕಾಂಗ್ರೆಸ್ ಕೈಕಟ್ಟಿ ಕೂತಿತು. ಬೈಯುವುದು ಒಂದು, ಮುರಿದ ಹೊಣೆ ಹೊರುವುದು ಇನ್ನೊಂದು. ಕೊನೆಗೆ ಉಳಿದದ್ದು ಅಧ್ಯಕ್ಷರ ಕೈಯಲ್ಲಿದ್ದ ಸ್ವಿಚ್ಚು, ವಿನಾಯಿತಿಯದು.

ಹೊರಬಂದ ಮೇಲೆ ಮಂಗಳೂರಿಗೇನಾಯಿತು

ಅಮೆರಿಕ ತಾನು ವ್ಯಾಪಾರ ನಿಲ್ಲಿಸಿದರೆ ಇರಾನಿಗೆ ನಷ್ಟವೇನೂ ಇಲ್ಲ. ಅವೆರಡರ ನಡುವೆ ಹೇಳಿಕೊಳ್ಳುವಂಥ ವ್ಯಾಪಾರವೇ ಇರಲಿಲ್ಲ. ಪೆಟ್ಟು ಬೀಳುವುದು ಪರೋಕ್ಷ ನಿರ್ಬಂಧಗಳಿಂದ. ಇರಾನಿನಿಂದ ತೈಲ ಕೊಂಡ ಮೂರನೇ ದೇಶದ ಕಂಪನಿಗೆ, ಹಣ ಸಾಗಿಸಿದ ಬ್ಯಾಂಕಿಗೆ ಅಮೆರಿಕದ ಹಣಕಾಸು ವ್ಯವಸ್ಥೆಯ ಬಾಗಿಲು ಮುಚ್ಚುತ್ತದೆ. ನ್ಯೂಯಾರ್ಕಿನಲ್ಲಿ ಖಾತೆಯಿಲ್ಲದೆ ಡಾಲರ್ ವಹಿವಾಟು ಮಾಡಲಾಗದು, ಡಾಲರ್ ಇಲ್ಲದೆ ದೊಡ್ಡ ಬ್ಯಾಂಕು ನಡೆಯದು. ಹಾಗಾಗಿ ಬೆದರಿಕೆಯೇ ಸಾಕು.

ಮೇ 8ರ ಆದೇಶ 90 ಮತ್ತು 180 ದಿನಗಳ ಎರಡು ಗಡುವು ಕೊಟ್ಟಿತು. ಕಾರು, ಚಿನ್ನ, ಲೋಹಗಳ ವ್ಯಾಪಾರ ಆಗಸ್ಟಿಗೆ ಮುಗಿಯಬೇಕು. ತೈಲ, ಬಂದರು, ಕೇಂದ್ರ ಬ್ಯಾಂಕು ನವೆಂಬರಿಗೆ. ಫ್ರಾನ್ಸಿನ ಟೋಟಾಲ್ ದಕ್ಷಿಣ ಪಾರ್ಸ್ ಅನಿಲ ಯೋಜನೆ ಬಿಟ್ಟು ಎದ್ದಿತು. ಇರಾನ್ ಏರ್ 100 ಏರ್‌ಬಸ್ ವಿಮಾನಗಳಿಗೆ ಬೇಡಿಕೆಯಿಟ್ಟಿತ್ತು, ಕೈಸೇರಿದ್ದು ಮೂರು. ಕಂಪನಿ ಯುರೋಪಿನದೇ ಆದರೂ ಬಿಡಿಭಾಗಗಳಲ್ಲಿ ಶೇ 10ಕ್ಕಿಂತ ಹೆಚ್ಚು ಅಮೆರಿಕದವು, ಅದಕ್ಕೆ ವಾಷಿಂಗ್ಟನ್ನಿನ ಪರವಾನಗಿ ಬೇಕು, ಅದು ರದ್ದಾಯಿತು. ಯುರೋಪ್ ಡಾಲರಿನ ಹಂಗಿಲ್ಲದ ಇನ್‌ಸ್ಟೆಕ್ಸ್ ಎಂಬ ಪಾವತಿ ವ್ಯವಸ್ಥೆ ಕಟ್ಟಿತು. 2023ರಲ್ಲಿ ಅದನ್ನು ಮುಚ್ಚುವ ತನಕ ನಡೆದದ್ದು ಒಂದೇ ಒಂದು ವಹಿವಾಟು, ಔಷಧ ಸಾಮಗ್ರಿಯದು.

ನಮ್ಮ ಕರಾವಳಿಗೆ ಇದು ಹೊಸ ಪಾಠವಾಗಿರಲಿಲ್ಲ. ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ಒಂದು ಕಾಲಕ್ಕೆ ಇರಾನ್ ಕಚ್ಚಾತೈಲದ ದೇಶದ ದೊಡ್ಡ ಗಿರಾಕಿಗಳಲ್ಲಿ ಒಂದು. ಹಿಂದಿನ ಸುತ್ತಿನ ನಿರ್ಬಂಧದಲ್ಲಿ, 2013ರಲ್ಲಿ, ಅದು ಕೆಲ ತಿಂಗಳು ಇರಾನ್ ತೈಲ ನಿಲ್ಲಿಸಬೇಕಾಯಿತು. ಕಾರಣ ತೈಲದ್ದಲ್ಲ, ವಿಮೆಯದು. ಇರಾನ್ ತೈಲ ಸಂಸ್ಕರಿಸುವ ಘಟಕದ ವಿಮೆಗೆ ಯುರೋಪಿನ ಮರುವಿಮಾ ಕಂಪನಿಗಳು ಹಿಂದೆ ನಿಲ್ಲಲು ಒಪ್ಪಲಿಲ್ಲ, ವಿಮೆಯಿಲ್ಲದ ಸಂಸ್ಕರಣಾಗಾರ ನಡೆಸಲು ಯಾರಿಗೂ ಧೈರ್ಯವಿಲ್ಲ. 2018ರ ನವೆಂಬರಿನಲ್ಲಿ ಭಾರತ ಸೇರಿ ಎಂಟು ಕಡೆಗೆ 180 ದಿನಗಳ ವಿನಾಯಿತಿ ಸಿಕ್ಕಿತು, ಯುಕೋ ಬ್ಯಾಂಕಿನ ರೂಪಾಯಿ ಖಾತೆಯ ಮೂಲಕ ಪಾವತಿ ನಡೆಯಿತು. 2019ರ ಮೇ 2ಕ್ಕೆ ವಿನಾಯಿತಿ ಮುಗಿಯಿತು. ಚೀನಾದ ನಂತರ ಇರಾನಿನ ಅತಿ ದೊಡ್ಡ ಗಿರಾಕಿಯಾಗಿದ್ದ ಭಾರತ ಖರೀದಿ ನಿಲ್ಲಿಸಿತು.

ಹಿಂದಿರುಗಿದ ಲೆಕ್ಕ

ಇರಾನ್ ಒಂದು ವರ್ಷ ಕಾದಿತು. 2019ರ ಮೇ ತಿಂಗಳಿಂದ, ಎದುರು ಪಕ್ಷ ತಪ್ಪಿದರೆ ತಾನೂ ಬದ್ಧತೆ ಇಳಿಸಬಹುದೆಂಬ ಕಲಮುಗಳನ್ನು ಹಿಡಿದು, 60 ದಿನಕ್ಕೊಂದು ಮಿತಿಯಂತೆ ದಾಟತೊಡಗಿತು. ಜುಲೈನಲ್ಲಿ 300 ಕೆ.ಜಿ. ಹೋಯಿತು, 3.67 ಹೋಯಿತು. 2021ರ ಜನವರಿಯಲ್ಲಿ ಶೇ 20, ಏಪ್ರಿಲ್‌ನಲ್ಲಿ ಶೇ 60. 2022ರ ಜೂನ್‌ನಲ್ಲಿ 27 ಕ್ಯಾಮೆರಾ ಕಿತ್ತರು. 2025ರ ಜೂನ್ ಮಧ್ಯದ ಹೊತ್ತಿಗೆ ಶೇ 60ರ ದಾಸ್ತಾನು 440.9 ಕೆ.ಜಿ. ಎಂದು ಅಣುಶಕ್ತಿ ಸಂಸ್ಥೆ ಅಂದಾಜಿಸಿತು. ಅದರದೇ ಅಳತೆಗೋಲಿನಲ್ಲಿ ಇನ್ನಷ್ಟು ಪುಷ್ಟೀಕರಿಸಿದರೆ ಒಂದು ಬಾಂಬಿಗೆ ಸುಮಾರು 42 ಕೆ.ಜಿ. ಸಾಕು.

ನಿರ್ಗಮನದ ಇನ್ನೊಂದು ಬೆಲೆ ಅಮೆರಿಕಕ್ಕೆ ಗೊತ್ತಾದದ್ದು 2020ರ ಆಗಸ್ಟಿನಲ್ಲಿ. ಒಪ್ಪಂದಕ್ಕೆ ಮುದ್ರೆ ಒತ್ತಿದ್ದ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 2231ನೇ ನಿರ್ಣಯದಲ್ಲಿ 'ಸ್ನ್ಯಾಪ್‌ಬ್ಯಾಕ್' ಎಂಬ ಜಾಣ ವ್ಯವಸ್ಥೆಯಿತ್ತು. ಒಪ್ಪಂದದಲ್ಲಿರುವ ಯಾವುದೇ ದೇಶ ಇರಾನ್ ಮೇಲೆ ದೂರು ಕೊಟ್ಟರೆ 30 ದಿನದಲ್ಲಿ ವಿಶ್ವಸಂಸ್ಥೆಯ ಹಳೆಯ ನಿರ್ಬಂಧಗಳು ತಾವಾಗಿ ಮರಳುತ್ತವೆ. ಮತಕ್ಕೆ ಹಾಕುವುದು 'ವಿನಾಯಿತಿ ಮುಂದುವರಿಸಬೇಕು' ಎಂಬ ನಿರ್ಣಯವನ್ನು. ಅದನ್ನು ಒಬ್ಬರೇ ವೀಟೊ ಮಾಡಿ ಕೆಡವಬಹುದು. ರಷ್ಯಾ, ಚೀನಾದ ವೀಟೊ ಇಲ್ಲಿ ಕೆಲಸಕ್ಕೆ ಬಾರದು. ಅಮೆರಿಕ ಇದನ್ನು ಪ್ರಯೋಗಿಸಲು ಹೋದಾಗ, ಒಪ್ಪಂದ ಬಿಟ್ಟವರಿಗೆ ಈ ಹಕ್ಕಿಲ್ಲವೆಂದು ಮಂಡಳಿಯ 15ರಲ್ಲಿ 13 ಸದಸ್ಯರು ತಳ್ಳಿಹಾಕಿದರು. ಆಪ್ತ ಮಿತ್ರರೂ ಅದರಲ್ಲಿದ್ದರು. ಒಳಗೇ ಉಳಿದಿದ್ದ ಬ್ರಿಟನ್, ಫ್ರಾನ್ಸ್, ಜರ್ಮನಿ 2025ರ ಆಗಸ್ಟ್ 28ರಂದು ಅದೇ ಕಲಮು ಬಳಸಿದಾಗ ಸೆಪ್ಟೆಂಬರ್ ಕೊನೆಗೆ ನಿರ್ಬಂಧಗಳು ಮರಳಿದವು. ಜೂನ್‌ನಲ್ಲೇ ಇಸ್ರೇಲ್, ಆಮೇಲೆ ಅಮೆರಿಕ, ಫೋರ್ಡೊ, ನತಾಂಜ್, ಇಸ್ಫಹಾನ್‌ಗಳ ಮೇಲೆ ಬಾಂಬು ಹಾಕಿದ್ದವು.

ಆಮೇಲೆ ನಿರ್ಗಮನದ ಚರ್ಚೆ ಟೆಹರಾನಿಗೆ ದಾಟಿತು. ಅಲ್ಲಿ ಮಾತು ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ, ಎನ್‌ಪಿಟಿಯದು. ಇದು ನಿಜವಾದ ಟ್ರೀಟಿ, ಹೊರಹೋಗುವ ಕ್ರಮವೂ ಅದರ 10ನೇ ವಿಧಿಯಲ್ಲಿ ಬರೆದಿದೆ: ಅಸಾಧಾರಣ ಘಟನೆಗಳಿಂದ ದೇಶದ ಪರಮ ಹಿತಕ್ಕೆ ಧಕ್ಕೆಯಾಗಿದೆ ಎಂದು ತೋರಿಸಿ, ಎಲ್ಲ ಸದಸ್ಯ ರಾಷ್ಟ್ರಗಳಿಗೂ ಭದ್ರತಾ ಮಂಡಳಿಗೂ ಮೂರು ತಿಂಗಳ ನೋಟಿಸು ಕೊಡಬೇಕು. ಈ ದಾರಿ ಹಿಡಿದದ್ದು ಉತ್ತರ ಕೊರಿಯಾ ಒಂದೇ. 1993ರ ಮಾರ್ಚ್ 12ರಂದು ನೋಟಿಸು ಕೊಟ್ಟು, ಅವಧಿ ಮುಗಿಯಲು ಒಂದು ದಿನವಿರುವಾಗ ತಡೆಹಿಡಿಯಿತು. 2003ರ ಜನವರಿಯಲ್ಲಿ, ಬಾಕಿಯಿದ್ದ ಆ ಒಂದು ದಿನವಷ್ಟೇ ಸಾಕೆಂದು ವಾದಿಸಿ ಹೊರನಡೆಯಿತು. ಅದು ಸಿಂಧುವೇ ಎಂಬ ತಕರಾರು ಇನ್ನೂ ತೀರಿಲ್ಲ.

ಇರಾನ್ ಎನ್‌ಪಿಟಿ ಬಿಟ್ಟರೆ, 1974ರಿಂದ ಇರುವ ತಪಾಸಣಾ ಕರಾರೂ ಅದರ ಜತೆಗೇ ಬಿದ್ದುಹೋಗುತ್ತದೆ. ಆ ಕರಾರಿನ ಆಯುಸ್ಸು ಎನ್‌ಪಿಟಿ ಸದಸ್ಯತ್ವ ಇರುವ ತನಕ ಮಾತ್ರ. ಇರಾನಿನ ಸಂಸತ್ತು 2025ರ ಜೂನ್‌ನಲ್ಲಿ ಅಣುಶಕ್ತಿ ಸಂಸ್ಥೆಯ ಜತೆಗಿನ ಸಹಕಾರ ತಡೆಹಿಡಿಯುವ ಕಾನೂನು ಮಾಡಿತು, ಜುಲೈ 2ರಿಂದ ಅದು ಜಾರಿಗೆ ಬಂತು. ಅದರ ಪ್ರಕಾರ ತಪಾಸಕರನ್ನು ಯಾವ ಸ್ಥಾವರಕ್ಕೆ ಬಿಡಬೇಕೆಂದು ತೀರ್ಮಾನಿಸುವುದು ಸರ್ವೋಚ್ಚ ರಾಷ್ಟ್ರೀಯ ಭದ್ರತಾ ಮಂಡಳಿ. ಎನ್‌ಪಿಟಿಯಿಂದಲೇ ಹೊರಬರುವ ಮಸೂದೆಯ ಮಾತೂ ಅದೇ ಸಂಸತ್ತಿನಲ್ಲಿ ಎದ್ದಿತು. 440.9 ಕೆ.ಜಿ.ಯನ್ನು ಕಣ್ಣಾರೆ ಕಂಡು ತೂಗಲು ಆ ವರ್ಷ ತಪಾಸಕರಿಗೆ ಮತ್ತೆ ಅವಕಾಶ ಸಿಗಲಿಲ್ಲ.